ಮಳೆಗೆ ಮಿಸ್ ಹೊಡೆಯುವ ಪೆಟ್ರೋಲ್ ಎಂಜಿನ್: ದೋಷ ಎಲ್ಲಿದೆ ಎಂದು ಹಿಡಿಯುವ ಬಗೆ

ಬೇಸಿಗೆಯಿಡೀ ಒಂದು ದೂರೂ ಇಲ್ಲದೆ ಓಡಿದ ಕಾರು ಮುಂಗಾರು ಹಿಡಿದ ವಾರದಲ್ಲೇ ಸತಾಯಿಸಲು ಶುರುಮಾಡುತ್ತದೆ. ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಆದರೂ ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಘಾಟಿ ಏರುವಾಗ ಆಕ್ಸಿಲರೇಟರ್ ಒತ್ತಿದರೆ ಜರ್ಕ್ ಹೊಡೆಯುತ್ತದೆ. ಬಿಸಿಲು ಬಿದ್ದ ಮೇಲೆ ಗ್ಯಾರೇಜಿಗೆ ಒಯ್ದರೆ ಎಲ್ಲ ಸರಿಯಾಗಿರುತ್ತದೆ. ಕಣ್ಣಿಗೆ ಕಾಣದ ದೋಷಕ್ಕೆ ಊಹೆಯ ಮೇಲೆ ಪ್ಲಗ್ ಬದಲಾಗುತ್ತದೆ, ಆಮೇಲೆ ಕಾಯಿಲ್, ಆಮೇಲೆ ಪೆಟ್ರೋಲ್ ಪಂಪ್. ಮುಂದಿನ ಜಡಿಮಳೆಗೆ ಮತ್ತೆ ಅದೇ ಪಾಡು.

ಇದನ್ನು ಹಿಡಿಯಲು ಮಳೆಗೆ ಕಾಯಬೇಕಾಗಿಲ್ಲ. ನೀರಿನ ಸ್ಪ್ರೇ ಬಾಟಲಿ, ಮಲ್ಟಿಮೀಟರ್, ಒಂದಿಷ್ಟು ಕತ್ತಲು ಇದ್ದರೆ ಒಣ ದಿನದಲ್ಲೇ ದೋಷವನ್ನು ಹೊರಗೆಳೆಯಬಹುದು. ಅದಕ್ಕೆ ಮೊದಲು, ನೀರು ನಿಜವಾಗಿ ಏನು ಮಾಡುತ್ತದೆ ಎಂಬುದು ಸ್ಪಷ್ಟವಿರಬೇಕು.

ಗಾಳಿಯ ತೇವದ ಪಾಲು ಎಷ್ಟು

"ಹವೆಯಲ್ಲಿ ತೇವ ಹೆಚ್ಚಿದೆ, ಅದಕ್ಕೇ ಎಂಜಿನ್ ಎಳೆಯುತ್ತಿಲ್ಲ" ಎನ್ನುವುದನ್ನು ಕೇಳುತ್ತಿರುತ್ತೇವೆ. ಲೆಕ್ಕ ಹಾಕಿ ನೋಡೋಣ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿ ಪೂರ್ತಿ ತೇವ ತುಂಬಿಕೊಂಡರೂ ಅದರಲ್ಲಿರುವ ನೀರಾವಿ ಶೇಕಡ 4ರ ಆಸುಪಾಸು. 25 ಡಿಗ್ರಿಯಲ್ಲಿ ಶೇಕಡ 3ರಷ್ಟು. ಅಷ್ಟು ಗಾಳಿಯ ಜಾಗವನ್ನು ಆವಿ ತಿನ್ನುತ್ತದೆ, ಎಂಜಿನ್ನಿನ ಶಕ್ತಿಯೂ ಸುಮಾರು ಅಷ್ಟೇ ಇಳಿಯುತ್ತದೆ. ಓಡಿಸುವವರಿಗೆ ಅದು ಗೊತ್ತೂ ಆಗುವುದಿಲ್ಲ. ಜರ್ಕ್, ನಡುಕ, ಸ್ಟಾರ್ಟ್ ಆಗದಿರುವುದು ಇವು ಯಾವುವೂ ಹವೆಯ ಕೆಲಸವಲ್ಲ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಇರುವುದು ಕರೆಂಟಿನ ದಾರಿಯಲ್ಲಿ, ಅದರಲ್ಲೂ ಕಾಯಿಲ್‌ನಿಂದ ಪ್ಲಗ್ ತನಕದ ಹೈ ಟೆನ್ಷನ್ ಭಾಗದಲ್ಲಿ.

ಬ್ಯಾಟರಿಯ 12 ವೋಲ್ಟ್ ಅನ್ನು ಇಗ್ನಿಷನ್ ಕಾಯಿಲ್ ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ. ಪ್ಲಗ್ ತುದಿಯ ಮಿಲಿಮೀಟರಿಗೂ ಕಡಿಮೆ ಗ್ಯಾಪ್ ದಾಟಿ ಕಿಡಿ ಹಾರಲು ಸಾಮಾನ್ಯವಾಗಿ 10,000ದಿಂದ 20,000 ವೋಲ್ಟ್ ಬೇಕು. ಹೊರಗಿನ ಗಾಳಿಯಲ್ಲಾದರೆ ಒಂದು ಮಿಲಿಮೀಟರ್ ದಾಟಲು ಸುಮಾರು 3,000 ವೋಲ್ಟ್ ಸಾಕು. ಸಿಲಿಂಡರಿನೊಳಗೆ ಮಿಶ್ರಣ ಒತ್ತಿ ದಟ್ಟವಾಗಿರುವುದರಿಂದ ಹಲವು ಪಟ್ಟು ಹೆಚ್ಚು ಬೇಕಾಗುತ್ತದೆ. ಹೊರಗಡೆ ಇದಕ್ಕಿಂತ ಸುಲಭದ ದಾರಿ ಸಿಕ್ಕರೆ ಕಿಡಿ ಸಿಲಿಂಡರಿಗೆ ಹೋಗುವುದೇ ಇಲ್ಲ, ಎಂಜಿನ್ನಿನ ಮೈಗೆ ಹಾರಿ ಅರ್ಥ್ ಆಗಿಬಿಡುತ್ತದೆ. ಆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೊರಬೀಳುತ್ತದೆ. ನಾವು ಮಿಸ್ಸಿಂಗ್ ಅನ್ನುವುದು ಇದನ್ನೇ.

ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಸುವುದಿಲ್ಲ. ಆದರೆ ಪ್ಲಗ್ ವೈರಿನ ಮೇಲಿರುವುದು ಶುದ್ಧ ನೀರಲ್ಲವಲ್ಲ. ಬೇಸಿಗೆಯಲ್ಲಿ ಕೂತ ಧೂಳು, ಎಣ್ಣೆ ಜಿಡ್ಡು, ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಾದರೆ ಗಾಳಿ ಹೊತ್ತು ತಂದ ಉಪ್ಪು, ಇವೆಲ್ಲ ಪಸೆ ಹಿಡಿದಾಗ ಕರೆಂಟ್ ಹರಿಯುವ ಪದರವಾಗುತ್ತವೆ. ಉಪ್ಪು ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುವುದರಿಂದ, ಕರಾವಳಿಯ ಗಾಡಿಗಳಿಗೆ ಮಳೆ ಬೀಳದ ರಾತ್ರಿಯೂ ಸಾಕು. ರಬ್ಬರ್ ಒಡೆದಿರದಿದ್ದರೆ, ಮೈ ಶುಚಿಯಾಗಿದ್ದರೆ ಎಂಥ ಮಳೆಯಲ್ಲೂ ಇಗ್ನಿಷನ್ ಕೆಲಸ ಮಾಡಬೇಕು. ಮಾಡುತ್ತಿಲ್ಲವೆಂದರೆ ಬಿರುಕು ಮೊದಲೇ ಇತ್ತು, ನೀರು ಅದನ್ನು ತೋರಿಸಿತು.

ಯಾವಾಗ ಮಿಸ್ ಹೊಡೆಯುತ್ತದೆ ಎಂಬುದೇ ಅರ್ಧ ಉತ್ತರ

ಬಾನೆಟ್ ಎತ್ತುವ ಮೊದಲು ಇದನ್ನು ಗಮನಿಸಿ.

ಬೆಳಿಗ್ಗೆ ಸ್ಟಾರ್ಟ್ ಆಗಲು ಕಷ್ಟ, ಹತ್ತು ಹದಿನೈದು ನಿಮಿಷ ಓಡಿ ಬಿಸಿಯಾದ ಮೇಲೆ ಪೂರ್ತಿ ಸರಿ ಎಂದಾದರೆ, ರಾತ್ರಿ ತಣ್ಣಗಾದ ಲೋಹ ಮತ್ತು ಪ್ಲಾಸ್ಟಿಕ್ ಮೇಲೆ ಹವೆಯ ತೇವ ನೀರಾಗಿ ಕೂತಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜ್ ಕುಸಿಯುವುದರಿಂದ ಕಿಡಿ ಮೊದಲೇ ದುರ್ಬಲವಾಗಿರುತ್ತದೆ; ಹಾಗಾಗಿ ಸೋರಿಕೆ ಆಗಲೇ ಹೆಚ್ಚು ಕಾಡುತ್ತದೆ.

ಐಡ್ಲಿಂಗ್ ಸರಿ, ಏರಿನಲ್ಲಿ ಅಥವಾ ಓವರ್‌ಟೇಕ್ ಮಾಡುವಾಗ ಮಾತ್ರ ಜರ್ಕ್ ಎಂದರೆ ಅದು ಹೈ ಟೆನ್ಷನ್ ಸೋರಿಕೆಯ ಸಹಿಯಿದ್ದಂತೆ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಮಿಶ್ರಣ ಹೋಗುತ್ತದೆ, ಒತ್ತಡ ಏರುತ್ತದೆ, ಗ್ಯಾಪ್ ದಾಟಲು ಹೆಚ್ಚು ವೋಲ್ಟ್ ಬೇಕಾಗುತ್ತದೆ. ಅಲ್ಲಿಯವರೆಗೆ ಹೇಗೋ ಪ್ಲಗ್‌ನಲ್ಲೇ ಹಾರುತ್ತಿದ್ದ ಕಿಡಿ ಆಗ ಒದ್ದೆ ವೈರಿನ ಬಿರುಕನ್ನು ಹುಡುಕಿಕೊಳ್ಳುತ್ತದೆ. ಸಿಎನ್‌ಜಿ ಕಿಟ್ ಇರುವ ಗಾಡಿಗಳಲ್ಲಿ ಇದನ್ನು ಇನ್ನೂ ಸುಲಭವಾಗಿ ಪರೀಕ್ಷಿಸಬಹುದು. ಗ್ಯಾಸಿಗೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಗ್ಯಾಸಿನಲ್ಲಿ ಜರ್ಕ್, ಪೆಟ್ರೋಲಿಗೆ ಹಾಕಿದ ಕೂಡಲೇ ಸರಿ ಎಂದಾದರೆ ಗ್ಯಾಸ್ ಕಿಟ್ಟನ್ನು ಬಿಚ್ಚುವ ಮೊದಲು ಪ್ಲಗ್, ವೈರ್, ಕಾಯಿಲ್ ನೋಡಿ.

ಗುಂಡಿಯ ನೀರು ಹಾರಿದ ಕೂಡಲೇ ತೊಂದರೆಯಾದರೆ, ಕೆಳಗಿನಿಂದ ಎರಚಲು ಬೀಳುವ ಜಾಗ ನೋಡಬೇಕು: ಕೆಳಮಟ್ಟದ ಸೆನ್ಸರ್ ಕನೆಕ್ಟರ್‌ಗಳು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಒದ್ದೆಯಾಗಿ ಜಾರುವ ಬೆಲ್ಟ್, ಕೆಳಗಿನ ಪ್ಲಾಸ್ಟಿಕ್ ಕವರ್ ಕಳಚಿಹೋಗಿದೆಯೇ ಎಂಬುದು. ಒಂದು ಸಿಲಿಂಡರಿನ ಮಿಸ್ಸಿಂಗ್‌ಗೆ ತಾಳವಿರುತ್ತದೆ. ಸೈಲೆನ್ಸರ್ ಬಾಯಲ್ಲಿ ಕಿವಿಗೊಟ್ಟರೆ ಸಮ ಸದ್ದಿನ ನಡುವೆ ಒಂದೊಂದು ಪೆಟ್ಟು ತಪ್ಪುವುದು ಕೇಳುತ್ತದೆ. ಎಂಜಿನ್ ಪೂರ್ತಿ ಒಮ್ಮೆಲೇ ಕಡಿದುಹೋಗಿ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಅಲುಗದಿದ್ದರೆ ಪ್ಲಗ್ ಬಿಚ್ಚಬೇಡಿ. ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮತ್ತು ಅದರ ಕನೆಕ್ಟರ್ ಕಡೆಗೆ ಹೋಗಿ.

ಕತ್ತಲೆಯಲ್ಲಿ ಸ್ಪ್ರೇ ಪರೀಕ್ಷೆ

ಪ್ಲಗ್ ವೈರ್‌ಗಳಿರುವ ಎಲ್ಲ ಎಂಜಿನ್‌ಗಳಿಗೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಖರ್ಚೂ ಇಲ್ಲ.

ಮೊದಲು ಪೆಟ್ರೋಲ್ ಸೋರಿಕೆಯಾಗಲಿ, ವಾಸನೆಯಾಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಇದ್ದರೆ ಪರೀಕ್ಷೆ ಬೇಡವೇ ಬೇಡ. ರಾತ್ರಿ, ಗಾಳಿಯಾಡುವ ಜಾಗದಲ್ಲಿ ಗಾಡಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಐಡ್ಲಿಂಗ್‌ನಲ್ಲಿ ಬಿಡಿ. ದೀಪಗಳನ್ನೆಲ್ಲ ಆರಿಸಿ, ಕಣ್ಣು ಕತ್ತಲಿಗೆ ಹೊಂದಲು ಎರಡು ಮೂರು ನಿಮಿಷ ಕೊಡಿ. ಸೋರಿಕೆ ದೊಡ್ಡದಿದ್ದರೆ ನೀರಿಲ್ಲದೆಯೂ ವೈರಿನಿಂದ ಲೋಹಕ್ಕೆ ಹಾರುವ ನೀಲಿ ಕಿಡಿ ಕಾಣುತ್ತದೆ, ಚಟ್ ಚಟ್ ಎಂಬ ಸದ್ದು ಕೇಳುತ್ತದೆ.

ಕಾಣದಿದ್ದರೆ ಸ್ಪ್ರೇ ಬಾಟಲಿಯನ್ನು ತೀರ ಸಣ್ಣ ಹನಿಗೆ ತಿರುಗಿಸಿ, ಒಂದು ಸಲಕ್ಕೆ ಒಂದೇ ಭಾಗಕ್ಕೆ ನೀರು ಹೊಡೆಯಿರಿ. ಮೊದಲು ಒಂದನೇ ಪ್ಲಗ್‌ನ ಬೂಟ್ (ಪ್ಲಗ್ ಮೇಲೆ ಕೂರುವ ರಬ್ಬರ್ ಟೋಪಿ), ಅರ್ಧ ನಿಮಿಷ ಕಾಯುವುದು; ಆಮೇಲೆ ಅದರ ವೈರ್; ಆಮೇಲೆ ಎರಡನೆಯದು; ಕೊನೆಗೆ ಕಿಡಿಯನ್ನು ಒಂದೊಂದೇ ಪ್ಲಗ್‌ಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಅಥವಾ ಕಾಯಿಲ್‌ನ ಬಾಯಿ. ಎಲ್ಲಿ ಹೊಡೆದಾಗ ಎಂಜಿನ್ ತಡವರಿಸಿತೋ ದೋಷ ಅಲ್ಲೇ ಇದೆ. ಎಲ್ಲವನ್ನೂ ಒಟ್ಟಿಗೆ ಒದ್ದೆ ಮಾಡಿದರೆ ಮಳೆಯಲ್ಲಿ ನಿಂತದ್ದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಉಪ್ಪು ನೀರು ಬೇಡ, ಒಣಗಿದ ಮೇಲೆ ಉಳಿಯುವ ಉಪ್ಪೇ ಹೊಸ ಸೋರಿಕೆಗೆ ದಾರಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಇಸಿಯು (ಎಂಜಿನ್ನಿನ ಕಂಪ್ಯೂಟರ್), ಬಿಸಿಯಾದ ಎಕ್ಸಾಸ್ಟ್ ಮೇಲೆ ನೀರು ಬೀಳಬಾರದು. ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರ್ ಮುಟ್ಟಬೇಡಿ. ಪೇಸ್‌ಮೇಕರ್ ಇರುವವರು ಹತ್ತಿರವೂ ನಿಲ್ಲಬಾರದು.

ಹಳೆಯ ಅಭ್ಯಾಸವೊಂದಿದೆ, ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪ್ಲಗ್ ವೈರ್ ಕಿತ್ತು ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುವುದು. ಎಲೆಕ್ಟ್ರಾನಿಕ್ ಇಗ್ನಿಷನ್ ಬಂದ ಮೇಲೆ ಅದನ್ನು ಬಿಡಬೇಕು. ಹೋಗಲು ದಾರಿ ಸಿಗದ ಕಿಡಿ ಕಾಯಿಲ್‌ನ ಒಳಗೇ ಇನ್ಸುಲೇಷನ್ ಸುಟ್ಟು ಹಾರಬಹುದು, ಕಾಯಿಲ್‌ನ ಕರೆಂಟನ್ನು ಹಾಕಿ ಕಡಿಯುವ ಇಗ್ನೈಟರ್ ಹಾಳಾಗಬಹುದು. ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿ ಅದನ್ನು ಕರಗಿಸಬಹುದು. ಇಂಜೆಕ್ಷನ್ ಗಾಡಿಯಲ್ಲಿ ಇಂಜೆಕ್ಟರ್ ಕನೆಕ್ಟರ್ ತೆಗೆದು ಅದೇ ಪರೀಕ್ಷೆ ಮಾಡಬಹುದು: ತೆಗೆದರೂ ಎಂಜಿನ್ನಿನ ಓಟ ಬದಲಾಗದಿದ್ದರೆ ಆ ಸಿಲಿಂಡರೇ ಸತ್ತಿರುವುದು.

ಡಿಸ್ಟ್ರಿಬ್ಯೂಟರ್ ಮತ್ತು ಪ್ಲಗ್ ವೈರ್ ಇರುವ ಎಂಜಿನ್

1983ರ ಕೊನೆಯಲ್ಲಿ ರಸ್ತೆಗಿಳಿದ ಮಾರುತಿ 800, ಅದರ ಬೆನ್ನಿಗೆ ಬಂದ ಆಮ್ನಿಯಂಥ ಕಾರ್ಬುರೇಟರ್ ಗಾಡಿಗಳು ಮಲೆನಾಡಿನಲ್ಲಿ ಇನ್ನೂ ಓಡುತ್ತಿವೆ. ಇವುಗಳಲ್ಲಿ ಮೊದಲು ತೆರೆಯಬೇಕಾದ್ದು ಡಿಸ್ಟ್ರಿಬ್ಯೂಟರ್ ಕ್ಯಾಪ್. ಎರಡು ಸ್ಕ್ರೂ ಅಥವಾ ಕ್ಲಿಪ್ ತೆಗೆದರೆ ಕ್ಯಾಪ್ ಕೈಗೆ ಬರುತ್ತದೆ. ವೈರ್‌ಗಳನ್ನು ಕೀಳಬೇಕಾದರೆ ಒಂದೊಂದಕ್ಕೂ ಗುರುತು ಹಾಕಿಕೊಳ್ಳಿ, ಅದಲುಬದಲಾದರೆ ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) ತಪ್ಪಿ ಎಂಜಿನ್ ಹತ್ತುವುದೇ ಇಲ್ಲ.

ಕ್ಯಾಪಿನ ಒಳಮೈಯಲ್ಲಿ ನೀರಿನ ಬೆವರು ಇದ್ದರೆ ಒರೆಸಿದರಾಯಿತು. ನೋಡಬೇಕಾದ್ದು ಬೇರೆ: ಒಂದು ಲೋಹದ ತುದಿಯಿಂದ ಇನ್ನೊಂದಕ್ಕೆ, ಅಥವಾ ಕೆಳ ಅಂಚಿಗೆ, ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆ. ಸೋರಿದ ಕಿಡಿ ಪ್ಲಾಸ್ಟಿಕ್ ಸುಟ್ಟು ಬಿಟ್ಟ ಇದ್ದಿಲಿನ ದಾರಿ ಅದು. ಇದ್ದಿಲು ಕರೆಂಟ್ ಹರಿಸುತ್ತದೆ, ಹಾಗಾಗಿ ಒಣಗಿಸಿದರೂ ಆ ದಾರಿ ಮುಚ್ಚುವುದಿಲ್ಲ. ಉಜ್ಜಿದರೆ ಕೆಲವು ದಿನ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ. ಗೆರೆ ಕಂಡ ಕ್ಯಾಪ್ ಬದಲಿಸಿ, ಜೊತೆಗೆ ಒಳಗೆ ತಿರುಗುವ ರೋಟರನ್ನೂ. ನಡುವಿನ ಕಾರ್ಬನ್ ಗುಂಡಿ ಸ್ಪ್ರಿಂಗಿನ ಮೇಲೆ ಸಲೀಸಾಗಿ ಒಳಹೊರಗೆ ಆಡಬೇಕು. ಕ್ಯಾಪಿನ ಕೆಳಗಿನ ರಬ್ಬರ್ ಸೀಲ್ ಒಣಗಿ ಬಿರಿದಿದ್ದರೆ ಹೊಸ ಕ್ಯಾಪಿಗೂ ಅದೇ ಗತಿ.

ಪ್ಲಗ್ ವೈರನ್ನು ಬೆರಳಲ್ಲಿ ಬಾಗಿಸಿ ನೋಡಿ, ನೆಟ್ಟಗಿದ್ದಾಗ ಕಾಣದ ಬಿರುಕು ಬಾಗಿದಾಗ ಬಾಯಿ ಬಿಡುತ್ತದೆ. ಕಾರ್ಬನ್ ಕೋರ್ ವೈರಿನ ರೆಸಿಸ್ಟೆನ್ಸ್ ಉದ್ದಕ್ಕೆ ತಕ್ಕಂತೆ ಕೆಲವು ಸಾವಿರ ಓಮ್‌ನಿಂದ ಹದಿನೈದು ಸಾವಿರ ಓಮ್‌ನ ಆಸುಪಾಸು ಇರುತ್ತದೆ. ಒಂದು ಮಾತ್ರ ಉಳಿದವುಗಳ ಎರಡು ಮೂರು ಪಟ್ಟು ತೋರಿಸಿದರೆ ಒಳಗೆ ಕಡಿದಿದೆ. ಇಲ್ಲಿ ಬಹಳ ಜನ ಎಡವುತ್ತಾರೆ: ಮಲ್ಟಿಮೀಟರ್ ಅಳೆಯುವುದು ಕೆಲವೇ ವೋಲ್ಟಿನಲ್ಲಿ, ವೈರ್ ಹೊರಬೇಕಾದ್ದು 20,000 ವೋಲ್ಟ್. ಮೀಟರಿನಲ್ಲಿ ಅಂಕಿ ಸರಿ ಬಂದರೆ ಒಳಗಿನ ಎಳೆ ಸರಿಯಿದೆ ಎಂದಷ್ಟೇ ಅರ್ಥ. ಹೊರಗಿನ ಇನ್ಸುಲೇಷನ್ ಗಟ್ಟಿಯಿದೆಯೋ ಇಲ್ಲವೋ ಎಂಬುದನ್ನು ಸ್ಪ್ರೇ ಪರೀಕ್ಷೆಯೇ ಹೇಳಬೇಕು. ಬದಲಿಸುವುದಾದರೆ ಪೂರ್ತಿ ಸೆಟ್ ಬದಲಿಸಿ. ಒಂದಕ್ಕೆ ವಯಸ್ಸಾಗಿದ್ದರೆ ಉಳಿದವಕ್ಕೂ ಆಗಿದೆ.

ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಮೇಲಿಂದ ಕೆಳಕ್ಕೆ ಕಪ್ಪು ಗೆರೆ ಎಳೆದಂತಿದ್ದರೆ ಕಿಡಿ ಹೊರಮೈಯಲ್ಲೇ ಇಳಿದಿದೆ. ಆಗ ಪ್ಲಗ್ ಮತ್ತು ಬೂಟ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದರ ಗೆರೆ ಉಳಿದರೆ ಹೊಸದರ ಮೇಲೂ ಗೆರೆ ಬೀಳುತ್ತದೆ. ಗ್ಯಾಪ್ ಅಳೆಯದೆ ಪ್ಲಗ್ ಹಾಕಬೇಡಿ. ಹಳೆಯ ಕಾರ್ಬುರೇಟರ್ ಎಂಜಿನ್‌ಗಳಿಗೆ 0.7ರಿಂದ 0.8 ಮಿ.ಮೀ., ಹೊಸ ಎಂಜಿನ್‌ಗಳಿಗೆ 0.8ರಿಂದ 1.1 ಮಿ.ಮೀ. ಸಾಮಾನ್ಯ, ನಿಮ್ಮ ಗಾಡಿಯ ಪುಸ್ತಕದ ಅಂಕಿಯೇ ಅಂತಿಮ. ಸವೆದು ಅಗಲವಾದ ಗ್ಯಾಪಿಗೆ ಹೆಚ್ಚು ವೋಲ್ಟ್ ಬೇಕು, ಆ ಹೆಚ್ಚಿನ ಒತ್ತಡವೇ ಕಿಡಿಯನ್ನು ಬಿರುಕಿನ ಕಡೆಗೆ ತಳ್ಳುತ್ತದೆ. ಮಳೆಗಾಲಕ್ಕೆ ಮೊದಲು ಪ್ಲಗ್ ಬದಲಿಸಿದಾಗ ತೊಂದರೆ ಕೆಲವು ತಿಂಗಳು ಮಾಯವಾಗುವುದು ಇದರಿಂದಲೇ. ವೈರಿನ ಬಿರುಕು ಅಲ್ಲೇ ಇರುತ್ತದೆ.

ಪ್ರತಿ ಪ್ಲಗ್ ಮೇಲೆ ಕಾಯಿಲ್ ಇರುವ ಕಾರು

ಈಗಿನ ಬಹುತೇಕ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ, ಉದ್ದದ ವೈರೂ ಇಲ್ಲ. ಆದರೂ ನೀರಿಗೆ ಒಂದು ಜಾಗ ಉಳಿದಿದೆ, ಪ್ಲಗ್ ಕೂರುವ ಆಳವಾದ ಬಾವಿ. ವಿಂಡ್‌ಸ್ಕ್ರೀನ್ ಬುಡದ ಜಾಲರಿಯಲ್ಲಿ ಎಲೆ ಕಸ ತುಂಬಿ ನೀರಿಳಿಯುವ ತೂತು ಮುಚ್ಚಿದರೆ ಮಳೆನೀರು ಎಂಜಿನ್ ತಲೆಯ ಮೇಲೆ ಸುರಿಯುತ್ತದೆ, ಕಾಯಿಲ್‌ನ ಸೀಲಿನ ರಬ್ಬರ್ ಹಳತಾಗಿ ಗಡುಸಾಗಿದ್ದರೆ ಬಾವಿಗೆ ಇಳಿಯುತ್ತದೆ. ಮರದಡಿ ನಿಲ್ಲುವ ಗಾಡಿಗಳಲ್ಲಿ ಇದು ಪ್ರತಿ ವರ್ಷದ ಪಾಡು. ಪ್ರೆಷರ್ ವಾಷರ್‌ನಲ್ಲಿ ಎಂಜಿನ್ ತೊಳೆಸಿದ ಮರುದಿನ ಬರುವ ಮಿಸ್ಸಿಂಗ್ ಕೂಡ ಇದೇ.

ಚೆಕ್ ಎಂಜಿನ್ ದೀಪ ಉರಿದಿದ್ದರೆ ಎಂಜಿನ್ ಕಂಪ್ಯೂಟರಿನ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಹಾಕಿ. ಪಿ0300 ಎಂದರೆ ಎಲ್ಲೆಂದರಲ್ಲಿ ಮಿಸ್ಸಿಂಗ್. ಪಿ0301, ಪಿ0302 ಎಂದರೆ ಕೊನೆಯ ಅಂಕಿಯ ಸಿಲಿಂಡರಿನಲ್ಲಿ. ಪಿ0351ರಿಂದ ಮುಂದಿನವು ಕಾಯಿಲ್‌ನ ಸರ್ಕ್ಯೂಟ್ ಕುರಿತವು. ಕೋಡ್ ಎರಡನೇ ಸಿಲಿಂಡರಿನದಾಗಿದ್ದರೆ ಎರಡು ಮತ್ತು ಮೂರನೆಯ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ, ಮತ್ತೆ ಓಡಿಸಿ. ಪಿ0302 ಹೋಗಿ ಪಿ0303 ಬಂದರೆ ಕಾಯಿಲ್ ಅಥವಾ ಅದರ ಬೂಟ್ ಹಾಳಾಗಿದೆ. ಪಿ0302 ಆಗಿಯೇ ಉಳಿದರೆ ಆ ಸಿಲಿಂಡರಿನ ಪ್ಲಗ್, ಇಂಜೆಕ್ಟರ್, ವೈರಿಂಗ್ ನೋಡಬೇಕು. ಹತ್ತು ನಿಮಿಷದ ಈ ಕೆಲಸ ಮಾಡದೆ ನಾಲ್ಕೂ ಕಾಯಿಲ್ ಕೊಳ್ಳುವುದು ದುಂದು.

ಪ್ಲಗ್ ಬಿಚ್ಚುವ ಮೊದಲು ಬಾವಿಗೆ ಗಾಳಿ ಊದಿ ನೀರು, ಕಸ ತೆಗೆಯಿರಿ, ಇಲ್ಲವಾದರೆ ಅದು ಸಿಲಿಂಡರಿಗೆ ಬೀಳುತ್ತದೆ. ಬಾವಿಯಲ್ಲಿ ನೀರಿನ ಬದಲು ಎಣ್ಣೆ ಕಂಡರೆ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಸೋರುತ್ತಿದೆ. ಎಣ್ಣೆಗೆ ಬೂಟಿನ ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಎಂಜಿನ್ ತಣ್ಣಗಿರುವಾಗಲೇ ಪ್ಲಗ್ ಬಿಗಿಯಿರಿ; ಅಲ್ಯೂಮಿನಿಯಂ ಹೆಡ್ಡಿನ 14 ಮಿ.ಮೀ. ಪ್ಲಗ್‌ಗೆ 20ರಿಂದ 25 ನ್ಯೂಟನ್ ಮೀಟರ್ ಸಾಕು. ಬೂಟಿನ ಒಳ ಅಂಚಿಗೆ ಕಡಲೆಕಾಳಿನಷ್ಟು ಡೈಎಲೆಕ್ಟ್ರಿಕ್ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ನೀರು ನುಸುಳುವುದಿಲ್ಲ. ಸಾಮಾನ್ಯ ಗ್ರೀಸ್ ರಬ್ಬರನ್ನು ಕೆಡಿಸುತ್ತದೆ.

ಬೈಕ್, ಸ್ಕೂಟರ್

ದ್ವಿಚಕ್ರದಲ್ಲಿ ಎಲ್ಲ ಬಯಲಲ್ಲೇ ಇರುವುದರಿಂದ ದೋಷ ಹುಡುಕುವುದೂ ಸುಲಭ. ಹಲವು ಬೈಕ್‌ಗಳ ಸಿಲಿಂಡರ್ ಹೆಡ್ಡಿನಲ್ಲಿ ಪ್ಲಗ್ ಕೂರುವ ಗುಂಡಿಯಿಂದ ನೀರು ಹರಿದುಹೋಗಲು ಒಂದು ಸಣ್ಣ ತೂತಿರುತ್ತದೆ. ಮುಂದಿನ ಚಕ್ರದ ಕೆಸರು ಅದನ್ನು ಮುಚ್ಚಿದರೆ ಪ್ಲಗ್ ನೀರಲ್ಲಿ ನಿಲ್ಲುತ್ತದೆ. ತಂತಿ ತೂರಿಸಿ ಬಿಡಿಸಿ. ಪ್ಲಗ್ ಕ್ಯಾಪ್ ಹಲವು ಗಾಡಿಗಳಲ್ಲಿ ವೈರಿಗೆ ತಿರುಪಿನಂತೆ ಕೂತಿರುತ್ತದೆ. ತಿರುಗಿಸಿ ತೆಗೆದು, ಹಸಿರು ಕಿಲುಬು ಹಿಡಿದ ವೈರ್ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ, ಮತ್ತೆ ತಿರುಗಿಸಿದರೆ ಹೊಸ ಸಂಪರ್ಕ ಸಿಗುತ್ತದೆ. ಕ್ಯಾಪಿನ ಎರಡು ತುದಿಯ ನಡುವೆ ಸಾಮಾನ್ಯವಾಗಿ 5 ಕಿಲೋಓಮ್ ಬರಬೇಕು.

ಟ್ಯಾಂಕ್ ಮುಚ್ಚಳದ ಸುತ್ತ ಬೀಳುವ ಮಳೆನೀರಿಗೆ ಕೆಳಗಿಳಿಯುವ ಸಣ್ಣ ಕೊಳವೆಯಿರುತ್ತದೆ. ಅದು ಕಟ್ಟಿಕೊಂಡರೆ ನೀರು ಮುಚ್ಚಳದ ಸುತ್ತ ನಿಂತು ಟ್ಯಾಂಕಿಗೇ ಇಳಿಯುತ್ತದೆ. ಕಾರ್ಬುರೇಟರ್ ಗಾಡಿಯಾದರೆ ಟ್ಯಾಂಕಿನಿಂದ ಪೆಟ್ರೋಲ್ ಬರುವ ನಲ್ಲಿಯನ್ನು ಮುಚ್ಚಿ, ಕಾರ್ಬುರೇಟರಿನ ತಳದ ಫ್ಲೋಟ್ ಬೌಲ್‌ನ ಕೆಳಗಿನ ಸ್ಕ್ರೂ ಸಡಿಲಿಸಿ, ಬರುವುದನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ತಳದಲ್ಲಿ ಗುಂಡು ಗುಂಡಾಗಿ ಉರುಳುವ ಹನಿಗಳು ನೀರು. ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್ ಒದ್ದೆಯಾದರೂ ಗಾಡಿ ಒಮ್ಮೆಲೇ ಆರುತ್ತದೆ, ಇವನ್ನು ಮರೆಯಬೇಡಿ.

ಕನೆಕ್ಟರ್, ಅರ್ಥ್, ಇಲಿ

ಸೆನ್ಸರ್ ಕನೆಕ್ಟರ್‌ಗಳನ್ನು ಇಗ್ನಿಷನ್ ಆಫ್ ಮಾಡಿ ಬಿಚ್ಚಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಒಳಗಿನ ರಬ್ಬರ್ ಸೀಲ್ ಜಾಗದಲ್ಲಿದೆಯೇ ನೋಡಿ. ಎಂಜಿನ್ ಅರ್ಥ್ ಪಟ್ಟಿಗೆ ಒಂದು ಪರೀಕ್ಷೆ: ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಪಟ್ಟಿ ಬಿಚ್ಚಿ ಉಜ್ಜಿ ಬಿಗಿಯಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು; ಎಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ಇರಬೇಕು. ಮಳೆಯಲ್ಲಿ ಬೆಲ್ಟ್ ಕಿರುಚುತ್ತಾ ಜಾರುತ್ತಿದ್ದರೆ ಈ ಎರಡನೆಯ ಅಂಕಿ ಬೀಳುತ್ತದೆ.

ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಕೋಣೆ ಇಲಿಗಳಿಗೆ ಮನೆ. ಕಡಿದ ಇಂಜೆಕ್ಟರ್ ವೈರ್ ಒಣಗಿದ್ದಾಗ ಸರಿಯಾಗಿದ್ದು ಒದ್ದೆಯಾದಾಗ ಕೈಕೊಡುತ್ತದೆ, ಲಕ್ಷಣವೆಲ್ಲ ನೀರಿನದೇ ಅನ್ನಿಸುತ್ತದೆ. ಟಾರ್ಚ್ ಹಿಡಿದು ವೈರಿಂಗ್ ಉದ್ದಕ್ಕೂ ಒಮ್ಮೆ ನೋಡಿ.

ಪೆಟ್ರೋಲಿನಲ್ಲಿ ನೀರು

ಪೆಟ್ರೋಲಿನಲ್ಲಿ ನೀರಿದ್ದರೆ ತೊಂದರೆ ಮಳೆಯ ಜೊತೆ ಬಂದು ಮಳೆಯ ಜೊತೆ ಹೋಗುವುದಿಲ್ಲ. ಟ್ಯಾಂಕ್ ತುಂಬಿಸಿದ ಸ್ವಲ್ಪ ಹೊತ್ತಿಗೆ ಶುರುವಾಗುತ್ತದೆ, ಬಿಸಿಲಲ್ಲೂ ಮುಂದುವರಿಯುತ್ತದೆ. ಈ ಒಂದು ವ್ಯತ್ಯಾಸ ಸಾಕು. ಶೇಕಡ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು, ಈಗ ಅದೇ ಎಲ್ಲೆಡೆ ಸಿಗುವುದು. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಕರಗಿಸಿಕೊಂಡು ಉರಿಯಲು ಬಿಡುತ್ತದೆ. ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಟ್ಯಾಂಕಿನ ಪಂಪ್ ಎಳೆಯುವುದು ಆ ತಳದ ಪದರವನ್ನೇ. ಶೇಕಡ 10 ಎಥನಾಲ್ ಇದ್ದ ಪೆಟ್ರೋಲಿನಲ್ಲಿ ಈ ಮಿತಿ ಲೀಟರಿಗೆ ಸುಮಾರು 5 ಮಿಲಿಲೀಟರ್ ನೀರು. ಇ20ಯಲ್ಲಿ ಅದಕ್ಕಿಂತ ಹೆಚ್ಚು. ಚಳಿಯಲ್ಲಿ ಮಿತಿ ಇಳಿಯುತ್ತದೆ. ಟ್ಯಾಂಕಿನ ತಳದಿಂದ ಕಾಲು ಲೀಟರ್ ತೆಗೆದು ಪಾರದರ್ಶಕ ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಕೆಳಗೆ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸುವುದೊಂದೇ ಪರಿಹಾರ. ಮೇಲಿಂದ ಹೊಸ ಪೆಟ್ರೋಲ್ ಹಾಕಿದರೆ ಆ ಪದರ ಹೋಗುವುದಿಲ್ಲ.

ದಾರಿಯಲ್ಲಿ ಕೈಕೊಟ್ಟರೆ

ಇಗ್ನಿಷನ್ ಆಫ್ ಮಾಡಿ, ಒಣ ಹತ್ತಿ ಬಟ್ಟೆಯಿಂದ ಒಂದೊಂದೇ ವೈರ್, ಬೂಟ್, ಕಾಯಿಲ್ ಬಾಯಿ, ಕ್ಯಾಪಿನ ಒಳಮೈ ಒರೆಸಿ. ಡಬ್ಲ್ಯುಡಿ-40ಯಂಥ ಸ್ಪ್ರೇ ನೀರನ್ನು ಹೊರದೂಡುತ್ತದೆ, ಆದರೆ ಅದು ಹೊತ್ತಿಕೊಳ್ಳುವ ವಸ್ತು. ಬಿಸಿ ಎಕ್ಸಾಸ್ಟಿಗೆ ತಾಗದಂತೆ ಹೊಡೆದು, ಆರಿದ ಮೇಲೆಯೇ ಸ್ಟಾರ್ಟ್ ಮಾಡಿ. ಮನೆ ಮುಟ್ಟಲು ಇಷ್ಟು ಸಾಕು, ರಿಪೇರಿಗೆ ಸಾಲದು. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಸುಡುವಷ್ಟು ಮಿಸ್ಸಿಂಗ್ ಆಗುತ್ತಿದೆ ಎಂದರ್ಥ, ಏರಿಗೆ ಎಳೆಯದೆ ನಿಲ್ಲಿಸಿ.

ನಿಂತ ನೀರಿನಲ್ಲಿ ಸಾಗುವಾಗ ಎಂಜಿನ್ ಆರಿದರೆ ಮಾತ್ರ ಮೇಲಿನ ಯಾವುದೂ ಬೇಡ, ಸೆಲ್ಫನ್ನೂ ಮುಟ್ಟಬೇಡಿ. ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿಯನ್ನು ತಳ್ಳಿ ಹೊರತಂದು ಫಿಲ್ಟರ್ ಬಾಕ್ಸ್ ತೆರೆಯಿರಿ. ಫಿಲ್ಟರ್ ಒದ್ದೆಯಿದ್ದರೆ ಎಲ್ಲ ಪ್ಲಗ್ ಬಿಚ್ಚಿ, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ತೆಗೆದಿಟ್ಟು, ಎಂಜಿನ್ನನ್ನು ಮೊದಲು ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಬೇಕು. ಆಯಿಲ್ ಡಿಪ್‌ಸ್ಟಿಕ್‌ನಲ್ಲಿ ಹಾಲಿನ ಬಣ್ಣ ಕಂಡರೆ ಆಯಿಲ್ ಬದಲಿಸುವ ತನಕ ಸ್ಟಾರ್ಟ್ ಮಾಡಬಾರದು.